ಬಾಯಾರಿಕೆಯ ತಾಲೀಮು

ಕೆಲವರಿಗೆ ಕಷ್ಟ ಬಂದರೆ ಬರೀ ಕಷ್ಟ ಬರುತ್ತದೆ. ನನಗೆ ಬರುವ ಕಷ್ಟದ ಜೊತೆ ನಗೆಪಾಟಲೂ ಬಿಟ್ಟಿಯಾಗಿ ಬರುತ್ತದೆ. ಎರಡೂ ಕಿಡ್ನಿ ಕೈಕೊಟ್ಟ ಮೇಲಾದರೂ ಒಂದಿಷ್ಟು ಗಂಭೀರವಾಗಿ, ಮರ್ಯಾದೆಯಿಂದ ಕಾಯಿಲೆ ಬೀಳೋಣ ಅಂದುಕೊಂಡಿದ್ದೆ. ಅದಕ್ಕೂ ಯೋಗ ಬೇಕು.

ನಾನು ಮಾಗಡಿ–ರಾಮನಗರ ರಸ್ತೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ವಾರಕ್ಕೆ ಎರಡು ಸಲ ಬಸ್ಸು ಹತ್ತಿ ರಾಮನಗರದ ಆಸ್ಪತ್ರೆಗೆ ಹೋಗಿ, ಅರ್ಧ ದಿನ ಮಲಗಿ, ಮೈಯ ರಕ್ತವನ್ನೆಲ್ಲ ಮೆಷಿನ್ನಿನಲ್ಲಿ ತೊಳೆಸಿಕೊಂಡು ಬರುತ್ತೇನೆ. ಡಯಾಲಿಸಿಸ್ ಅಂದರೆ ಇಷ್ಟೇ. ಸೂಜಿಗೆ ನಾನು ಹೆದರುವವಳಲ್ಲ. ನನ್ನ ಹೆದರಿಕೆಯೆಲ್ಲ ನೀರಿಗೆ. ನನ್ನ ಮೈಗೆ ಸೇರಿದ ನೀರಿಗೆ ಆಚೆ ಹೋಗುವ ದಾರಿಯಿಲ್ಲ, ಜಾಸ್ತಿಯಾದರೆ ಶ್ವಾಸಕೋಶಕ್ಕೆ ನುಗ್ಗುತ್ತದೆ. ಬೆಳಗ್ಗೆ ಒಂದು ಪುಟ್ಟ ಬಾಟಲಿ ತುಂಬಿಟ್ಟುಕೊಂಡರೆ ಮಲಗುವವರೆಗೂ ಅಷ್ಟೇ. ಸಾರೂ ನೀರಿನ ಲೆಕ್ಕ, ಮಜ್ಜಿಗೆಯೂ ನೀರಿನ ಲೆಕ್ಕ, ಕಲ್ಲಂಗಡಿ ಹಣ್ಣೂ ನೀರಿನ ಲೆಕ್ಕ.

ಮುದ್ದೆಯ ಸೀಮೆಯಲ್ಲಿ ಹುಟ್ಟಿದವಳಿಗೆ ಸಾರು ಬೇಡ ಅಂದರೆ ಹೇಗೆ? ಮುದ್ದೆಯನ್ನು ನಾವು ಯಾರೂ ಅಗಿಯುವುದಿಲ್ಲ, ಸಾರಲ್ಲಿ ಅದ್ದಿ ನುಂಗುತ್ತೇವೆ. ಪಥ್ಯ ಹೇಳಿಕೊಡುವ ಹುಡುಗಿಯನ್ನು ಕೇಳಿದೆ, "ಸಾರಿಲ್ಲದೆ ಮುದ್ದೆ ಗಂಟಲಲ್ಲಿ ಹೆಂಗಮ್ಮ ಇಳಿಯುತ್ತೆ?"

"ಚೆನ್ನಾಗಿ ಅಗಿದು ತಿನ್ನಿ ಮೇಡಂ" ಅಂದಳು. ಯಾವ ಊರಿನವಳೋ.

ಮನೆಗೆ ಬಂದು ಅಗಿದೆ. ಎದುರಿಗೆ ಕೂತಿದ್ದ ನಮ್ಮ ಯಜಮಾನರು ಸ್ವಲ್ಪ ಹೊತ್ತು ನೋಡಿ, ಊಟ ಬಿಟ್ಟು ಎದ್ದರು. "ಕಿಡ್ನಿ ಹೋಗಿದ್ನ ತಡ್ಕಂಡೆ ಕಣೆ. ಇದ್ನ ನೋಡಕ್ಕಾಗಕಿಲ್ಲ."

ಬೀದಿಯ ನೀರು

ಅಂಗನವಾಡಿ ಕೆಲಸ ಅಂದರೆ ಮನೆಮನೆ ಸುತ್ತುವ ಕೆಲಸ. ಹೋದ ಬೇಸಿಗೆಯಲ್ಲಿ ಪಕ್ಕದ ಹಳ್ಳಿಯ ಟೀಚರ್ ರಜೆ ಹಾಕಿದ್ದಳು ಅಂತ ಅಲ್ಲಿನ ಮಕ್ಕಳ ತೂಕ ನೋಡಲು ನನ್ನನ್ನು ಕಳಿಸಿದರು. ಆ ಬೀದಿಗೆ ನಾನು ಹೊಸಬಳು. ಮೊದಲ ಮನೆಯವಳು ಚೊಂಬಿನಲ್ಲಿ ನೀರು ತಂದಳು. ನಾನು "ಬೇಡಮ್ಮ" ಅಂದೆ.

ಅವಳು ನಗುತ್ತಲೇ ಇದ್ದಳು, ಚೊಂಬು ಹಿಡಿದ ಕೈ ಮಾತ್ರ ಕೆಳಗಿಳಿಯಿತು. "ನಮ್ಮನೇಲಿ ನೀರು ಕುಡಿಯಕಿಲ್ವಾ ಮಿಸ್ಸು?"

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ನೀರು. ಆ ನೀರು ಬೇಡ ಅಂದರೆ ಅದಕ್ಕಿರುವುದು ಒಂದೇ ಅರ್ಥ, ಜಾತಿ. ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದು ನಿಂತರು. ಕಾಯಿಲೆ ಅಂತ ಹೇಳಬಹುದಿತ್ತು. ಆದರೆ ಇಂಥ ಹೊತ್ತಿನಲ್ಲಿ ಇಂಥ ನೆವ ಹೇಳಿದ ಜನರನ್ನು ಅವರು ಬೇಕಾದಷ್ಟು ಕಂಡಿದ್ದಾರೆ. ನನಗೆ ಮೈಯೆಲ್ಲ ನಾಚಿಕೆಯಾಗಿ ಚೊಂಬು ಇಸಕೊಂಡು ಗಟಗಟ ಕುಡಿದೆ. ಸುಳ್ಳು ಯಾಕೆ ಹೇಳಲಿ, ಸ್ವರ್ಗ ಕಂಡ ಹಾಗಾಯಿತು. ಆದರೆ ಒಂದು ಮನೆಯಲ್ಲಿ ಕುಡಿದು ಮುಂದಿನ ಮನೆಯಲ್ಲಿ ಬೇಡ ಅನ್ನುವುದು ಹೇಗೆ? ಬೀದಿ ಮುಗಿಯುವವರೆಗೂ ಕುಡಿದೆ.

ಮಾರನೆಯ ದಿನ ಉಸಿರು ಸಿಗದೆ, ಮಲಗಲಾರದೆ, ಕೂರಲಾರದೆ ಆಸ್ಪತ್ರೆ ಸೇರಿದೆ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಧೈರ್ಯ ಬರುತ್ತಿತ್ತು. ಮೆಲ್ಲಗೆ, "ನಿಮ್ಮ ಹೃದಯ ವೀಕಾಗಿದೆಯಮ್ಮ. ಇನ್ನೊಂದು ಸಲ ಹೀಗೆ ನೀರು ತುಂಬಿಕೊಂಡು ಬಂದರೆ ಉಳಿಸ್ತೀನಿ ಅಂತ ನಾನು ಮಾತು ಕೊಡಲ್ಲ" ಅಂದರು. ಅವತ್ತಿನಿಂದ ನನ್ನ ಪ್ರಾಣ ನೀರಿನ ಲೋಟದ ಹತ್ತಿರ ಅಡವಿದೆ. ನನಗೆ ಸಾಯುವ ಭಯ ಇದೆ, ಅದನ್ನು ಮುಚ್ಚಿಟ್ಟು ದೊಡ್ಡ ಮಾತಾಡಲು ನನಗೆ ಬರುವುದಿಲ್ಲ.

ನಮ್ಮ ಯಜಮಾನರು ಆ ಬೀದಿಗೆ ಹೋಗಿ ಮನೆಮನೆಗೂ ವಿಷಯ ತಿಳಿಸಿ ಬಂದರು. ಪಾಪ, ಆ ಹೆಣ್ಣುಮಕ್ಕಳು ಅತ್ತರಂತೆ. ಮುಂದಿನ ಸಲ ಹೋದಾಗ ಮೊದಲ ಮನೆಯವಳು ಓಡಿ ಬಂದು ನನ್ನ ಕೈ ಹಿಡಿದುಕೊಂಡಳು. "ನೀರು ಕುಡಿಬಾರ್ದು ಅಂತ ಗೊತ್ತಿರ್ನಿಲ್ಲ ಮಿಸ್ಸು, ತಪ್ಪಾಯ್ತು. ಇವತ್ತು ನೀರು ಕೊಡಕಿಲ್ಲ. ಎಳನೀರು ಕೆತ್ತಿಸಿವ್ನಿ!"

ಉಸಿರಿನ ಪಾಠ

ನಮ್ಮ ಡಯಾಲಿಸಿಸ್ ವಾರ್ಡಿಗೆ ಒಬ್ಬರು ಮೇಡಂ ಬರುತ್ತಾರೆ. ಬ್ಯಾಂಕಿನಲ್ಲಿದ್ದು ರಿಟೈರ್ ಆದವರು, ಬೌದ್ಧರು. ಟಿಬೆಟ್ಟಿನ ಭಿಕ್ಷುಗಳ ಹತ್ತಿರ ಅವರು ಕಲಿತದ್ದನ್ನು ನಮಗೆ ಹೇಳಿಕೊಡುತ್ತಾರೆ. ಅದಕ್ಕೆ ಅವರು ಇಟ್ಟ ಹೆಸರು ಮನಸ್ಸಿನ ತಾಲೀಮು. ಬಂದ ಕಷ್ಟವನ್ನು ತಳ್ಳಬಾರದು, ಅದನ್ನೇ ಹಿಡಿದುಕೊಂಡು ಮನಸ್ಸನ್ನು ಪಳಗಿಸಬೇಕು ಅನ್ನುತ್ತಾರೆ. ಮಲಗಿದಲ್ಲಿಂದ ಎದ್ದು ಹೋಗುವಂತಿಲ್ಲ, ಕೈಗೆ ಸೂಜಿ ಚುಚ್ಚಿರುತ್ತದೆ. ಹಾಗಾಗಿ ನಾವೆಲ್ಲ ಕೇಳುತ್ತೇವೆ.

"ನಿಮಗೆ ಬಾಯಾರಿದಾಗ ಅಯ್ಯೋ, ನನಗೆ ಹೀಗಾಯಿತಲ್ಲ ಅನ್ನಬೇಡಿ. ನನ್ನ ಹಾಗೆ ಎಷ್ಟು ಜನಕ್ಕೆ ಬಾಯಾರಿದೆ ಅಂತ ನೆನೆಯಿರಿ. ಉಸಿರು ಎಳೆದುಕೊಳ್ಳುವಾಗ ಅವರ ಬಾಯಾರಿಕೆಯೂ ನನಗೇ ಬರಲಿ ಅನ್ನಿ. ಬಿಡುವಾಗ ನನ್ನಲ್ಲಿರುವ ತಂಪೆಲ್ಲ ಅವರಿಗೆ ಹೋಗಲಿ ಅನ್ನಿ."

ಕೇಳುವುದಕ್ಕೆ ಚೆನ್ನಾಗಿತ್ತು. ಮನೆಯಲ್ಲಿ ಕಣ್ಣು ಮುಚ್ಚಿ ಕೂತೆ. ಮೊದಲು ವಾರ್ಡಿನವರ ಬಾಯಾರಿಕೆ ಎಳೆದುಕೊಂಡೆ. ಆಮೇಲೆ ಬಿಸಿಲಲ್ಲಿ ರಸ್ತೆಗೆ ಡಾಂಬರು ಹಾಕುತ್ತಿದ್ದವರದು. ಆಮೇಲೆ ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ಕಾಯುವವರದು, ನಾಯಿಗಳದು, ಗುಡ್ಡದ ಮೇಲೆ ಮೇಯುವ ಕುರಿಗಳದು. ಅಷ್ಟೂ ಬಂದು ನನ್ನ ಗಂಟಲಲ್ಲಿ ಕೂತವು. ಬಿಡುವ ಉಸಿರಲ್ಲಿ ಕೊಡೋಣ ಅಂದರೆ ನನ್ನಲ್ಲಿ ತಂಪು ಎಲ್ಲಿತ್ತು? ಮಧ್ಯಾಹ್ನಕ್ಕೆಲ್ಲ ಆ ದಿನದ ಬಾಟಲಿ ಖಾಲಿ.

ಮುಂದಿನ ಸಲ ಮೇಡಂಗೆ ರೇಗಿಯೇ ಹೇಳಿದೆ. "ನನ್ನೊಬ್ಬಳ ಬಾಯಾರಿಕೆ ಇದ್ದಾಗ ಹೇಗೋ ತಡ್ಕೊತಿದ್ದೆ ಮೇಡಂ. ನಿಮ್ಮ ಪಾಠದಿಂದ ತಾಲ್ಲೂಕಿನ ಬಾಯಾರಿಕೆಯೆಲ್ಲ ನನ್ನ ತಲೆಗೆ ಬಂತು."

ಮೇಡಂ ನಕ್ಕರು. ಪಕ್ಕದ ಬೆಡ್ಡಿನಲ್ಲಿ ಮಲಗಿದ್ದ ಮುದುಕರೊಬ್ಬರು ತಲೆಯೆತ್ತಿ, "ನನ್ದೂ ಎಳ್ಕಂಡ್ರಾ ಟೀಚರಮ್ಮ?" ಅಂದರು.

"ಎಲ್ಲರದೂ ಎಳ್ಕೊಂಡೆ, ನಿಮ್ಮದು ಬಿಡ್ತೀನಾ?"

"ಅದ್ಕೇ ಮೊನ್ನೆಯಿಂದ ಒಸಿ ಹಗೂರಾಗೈತೆ. ಇನ್ನೂ ಉಳ್ಕಂಡೈತೆ, ಚೆನ್ನಾಗಿ ಎಳೀರಿ."

ಕೊಟ್ಟಿಗೆಯಲ್ಲಿ ಕಳ್ಳ

ನಮ್ಮ ಯಜಮಾನರು ಒಂದು ದಿನ ಇದ್ದಕ್ಕಿದ್ದಂತೆ ಮನೆಯಲ್ಲಿ ನೀರು ಕುಡಿಯುವುದನ್ನು ನಿಲ್ಲಿಸಿದರು. ಊಟವಾದ ಮೇಲೂ ಬರೀ ಬಾಯಿ ಒರೆಸಿಕೊಂಡು ಎದ್ದು ಹೋಗುತ್ತಿದ್ದರು. ನನಗೆ ಗಾಬರಿಯಾಯಿತು. ಇವರಿಗೂ ಏನೋ ಶುರುವಾಯಿತು, ನನಗೆ ಹೇಳುತ್ತಿಲ್ಲ ಅಂದುಕೊಂಡೆ.

ಒಂದು ಮಧ್ಯಾಹ್ನ ಹಸುವಿಗೆ ಬೂಸಾ ಇಡಲು ಕೊಟ್ಟಿಗೆಗೆ ಹೋದರೆ, ಹುಲ್ಲಿನ ಮೆದೆ ಹಿಂದೆ ಗುಟುಕು ಗುಟುಕು ಸದ್ದು. ನಾನು ಕೆಮ್ಮಿದೆ. ಅವರು ಚೊಂಬನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ನೀರೆಲ್ಲ ಪಂಚೆಯ ಮೇಲೆ.

"ನಿನ್ ಮುಂದೆ ಕುಡಿಯಕ್ಕೆ ಮನ್ಸು ಬರಕಿಲ್ಲ ಕಣೆ" ಅಂದರು.

ಮದುವೆಯಾದಾಗಿನಿಂದ ನನಗಾಗಿ ಈ ಮನುಷ್ಯ ಒಂದು ಹೂವು ತಂದವರಲ್ಲ. ಆಡಿ ತೋರಿಸಲು ಬಾರದ ಗಂಡಸರಿಗೆ ಕೊಟ್ಟಿಗೆಯೇ ಗತಿ. ಎಲ್ಲರಿಗೂ ಕೃತಜ್ಞರಾಗಿರಿ ಅಂತ ಮೇಡಂ ಹೇಳಿದ್ದು ನೆನಪಾಗಿ, "ನಿಮ್ಮಿಂದ ನನಗೆ ದೊಡ್ಡ ಉಪಕಾರ ಆಯ್ತು ರೀ" ಅಂದೆ.

ಅವರು ನನ್ನ ಮುಖವನ್ನೇ ದಿಟ್ಟಿಸಿ, ಹಣೆ ಮುಟ್ಟಿ ನೋಡಿ, ಒದ್ದೆ ಪಂಚೆಯಲ್ಲೇ ಹೊರಗೆ ಓಡಿದರು. ಆಸ್ಪತ್ರೆಗೆ ಫೋನು ಮಾಡುವುದು ಕೇಳಿಸಿತು. "ಡಾಕ್ಟ್ರೇ, ನಮ್ಮನೆಯೋಳು ಒಂಥರಾ ಒಳ್ಳೊಳ್ಳೆ ಮಾತಾಡ್ತಾವ್ಳೆ. ಕರ್ಕಂಡು ಬರ್ಲಾ?"

ಪಕ್ಕದ ಬೆಡ್ಡಿನ ಗುರು

ಪಕ್ಕದ ಬೆಡ್ಡಿನ ಮುದುಕರ ವಿಷಯ ಹೇಳಲೇಬೇಕು. ಚನ್ನಪಟ್ಟಣದಾಚೆ ದೊಡ್ಡಮಳೂರಿನವರು. ರೇಷ್ಮೆ ಸಾಕಿಕೊಂಡು ಜೀವನ ಮಾಡಿದವರು. ನನ್ನ ಹಾಗೇ ಅವರಿಗೂ ನೀರು ನಿಷಿದ್ಧ. ಆದರೆ ಅವರ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ.

"ಟೀಚರಮ್ಮ, ಬಸ್ಸು ಕಬ್ಬಿನಾಲು ಅಂಗಡಿ ಮುಂದ್ಲೇ ನಿಂತ್ಬುಡ್ತು. ಶುಂಠಿ ಹಾಕಿ ಹಿಂಡ್ತಾವ್ನೆ. ನೊರೆ ಬತ್ತಾ ಐತೆ..."

"ಸುಮ್ನಿರಿ ಯಜಮಾನ್ರೇ."

"ಐಸು ಹಾಕ್ದ."

ನಾನು ಗೋಡೆ ಕಡೆ ತಿರುಗಿದರೆ ಅವರು ಗೋಲಿ ಸೋಡಾಕ್ಕೆ ಬರುತ್ತಿದ್ದರು. ಗೋಲಿ ಒತ್ತಿದಾಗ ಬರುವ ಸದ್ದನ್ನು ಬಾಯಲ್ಲೇ ಮಾಡಿ ತೋರಿಸುತ್ತಿದ್ದರು. ಕಾಫಿಯೊಂದನ್ನು ಮಾತ್ರ ಬೈಯುತ್ತಿದ್ದರು. ಅವರ ಜನ್ಮದಲ್ಲಿ ಅದನ್ನು ಮುಟ್ಟಿದವರಲ್ಲವಂತೆ. ನನಗೆ ಅವರ ಮೇಲೆ ಬರುತ್ತಿದ್ದ ಸಿಟ್ಟಿಗೆ ಲೆಕ್ಕವಿಲ್ಲ. ಬೆಡ್ಡು ಬದಲಾಯಿಸಿ ಅಂತ ಸಿಸ್ಟರ್‌ಗೆ ದುಂಬಾಲು ಬಿದ್ದೆ. ಮೇಡಂ ಹತ್ತಿರ ದೂರಿದರೆ, "ನಿಮಗೆ ಕಾಟ ಕೊಡುವವರೇ ನಿಮ್ಮ ಗುರು. ಅವರಿಲ್ಲದೆ ನೀವು ತಾಳ್ಮೆ ಎಲ್ಲಿ ಕಲಿಯುತ್ತೀರಿ?" ಅಂದರು.

ಅದು ಆ ಮುದುಕರ ಕಿವಿಗೆ ಬಿತ್ತು. ಅವತ್ತಿನಿಂದ ಅವರ ಗತ್ತೇ ಬೇರೆಯಾಯಿತು. "ಶಿಷ್ಯೆ, ಇಲ್ಲಿ ಕೇಳು. ಇವತ್ತಿನ ಪಾಠ ನೀರು ಮಜ್ಜಿಗೆ."

ಅವರ ಹೆಂಡತಿ ಗಟ್ಟಿ ಹೆಂಗಸು. ಮನೆಯಲ್ಲಿ ನೀರಿನ ಬಿಂದಿಗೆಗಳನ್ನು ಕೋಣೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ತಾಳಿ ಸರಕ್ಕೆ ಪೋಣಿಸಿಕೊಂಡಿದ್ದರು. ಗಂಡನನ್ನು ಉಳಿಸಿಕೊಳ್ಳುವ ಹಟ. ಮುದುಕರು ಇನ್ನೊಂದು ದಾರಿ ಹುಡುಕಿದರು. ಅವರಿಗೆ ದಿಢೀರನೆ ದೈವಭಕ್ತಿ ಬಂತು. ಬೆಳಗ್ಗೆ, ಮಧ್ಯಾಹ್ನ, ಸಂಜೆ ದೇವಸ್ಥಾನ. ತೀರ್ಥಕ್ಕೆ ಕೈಯೊಡ್ಡುವುದು, ಪ್ರದಕ್ಷಿಣೆ ಹಾಕಿ ಬಂದು ಸಾಲಿನ ಕೊನೆಗೆ ನಿಂತು ಮತ್ತೆ ಕೈಯೊಡ್ಡುವುದು.

ದೊಡ್ಡಮಳೂರಿನ ದೇವಸ್ಥಾನದಲ್ಲಿ ಅಂಬೆಗಾಲು ಕೃಷ್ಣ ಇದ್ದಾನೆ. ಮಕ್ಕಳಿಲ್ಲದ ಗಂಡಹೆಂಡಿರು ಅಲ್ಲಿ ಬಂದು ಪುಟ್ಟ ತೊಟ್ಟಿಲು ಕಟ್ಟಿ ಬೇಡಿಕೊಳ್ಳುತ್ತಾರೆ. ಮುದುಕರು ಅವರ ಸಾಲಿನಲ್ಲೇ ದಿನಾ ನಿಂತದ್ದು ಊರವರ ಕಣ್ಣಿಗೆ ಬಿತ್ತು. ಊರು ಸುಮ್ಮನಿರುತ್ತದಾ? ಒಂದು ದಿನ ಅವರ ಹೆಂಡತಿ ವಾರ್ಡಿಗೆ ಬಂದವರೇ ಕೈಚೀಲ ಬಿಸಾಕಿ ಗಂಡನ ಮುಂದೆ ನಿಂತರು. "ಮೊಮ್ಮಕ್ಕಳ ಮದ್ವೆ ಮಾಡೋ ವಯಸ್ನಲ್ಲಿ ಮಗೀಗೆ ಹರಕೆ ಹೊತ್ತವ್ರೆ ಅಂತ ಊರೆಲ್ಲ ಆಡ್ಕತಾವ್ರೆ! ನಾನು ಎಲ್ಲಿ ಮಕ ಇಕ್ಕಳ್ಳಿ?"

ಮುದುಕರು ಮಲಗಿದಲ್ಲೇ ಕೈಮುಗಿದರು. "ಮಗ ಬ್ಯಾಡ ಕಣೆ. ಒಂದು ಲೋಟ ನೀರು ಕೊಡು, ಹರಕೆ ವಾಪಸ್ ತಗತೀನಿ."

ಎಡೆ

ಒಂದು ದಿನ ಹೋದಾಗ ಪಕ್ಕದ ಬೆಡ್ಡು ಖಾಲಿ ಇತ್ತು. ಸಿಸ್ಟರ್ ಹೊಸ ಬೆಡ್‌ಶೀಟು ಹಾಸುತ್ತಿದ್ದರು. ನಮ್ಮ ವಾರ್ಡಿನಲ್ಲಿ ಯಾಕೆ, ಏನು ಅಂತ ಯಾರೂ ಕೇಳುವುದಿಲ್ಲ, ಎಲ್ಲರೂ ಚಾವಣಿ ನೋಡುತ್ತೇವೆ. ಅವತ್ತು ಅರ್ಧ ದಿನವೂ ಯಾರೂ ನನ್ನನ್ನು ಕಾಡಲಿಲ್ಲ. ಆ ನಿಶ್ಶಬ್ದ ನನಗೆ ತಡೆಯಲಿಕ್ಕಾಗದೆ ಸೆರಗು ಬಾಯಿಗಿಟ್ಟುಕೊಂಡು ಅತ್ತೆ.

ಹನ್ನೊಂದನೇ ದಿನದ ತಿಥಿಗೆ ಅವರ ಹೆಂಡತಿಯೇ ಫೋನು ಮಾಡಿ ಕರೆದರು. ನಾನೂ ನಮ್ಮ ಯಜಮಾನರೂ ದೊಡ್ಡಮಳೂರಿಗೆ ಹೋದೆವು. ಪರಸ್ಥಳದಲ್ಲಿ ಏನಾದರೂ ಹೆಚ್ಚುಕಮ್ಮಿ ಆದೀತು ಅಂತ ನಾನು ಬೆಳಗ್ಗೆಯಿಂದ ಬಾಟಲಿ ಮುಟ್ಟಿರಲಿಲ್ಲ. ನಾಲಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ತಿಥಿಯಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುವುದು ನಮ್ಮ ಪದ್ಧತಿ. ಎಡೆಯಿಟ್ಟು, ಎಲ್ಲರೂ ಆಚೆ ಬಂದು, ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಬಿಡುತ್ತಾರೆ. ಹೋದವರು ಬಂದು ಉಂಡುಹೋಗಲಿ ಅಂತ. ಮುದುಕರಿಗೆ ಇಷ್ಟವಾದದ್ದು ಏನು ಅಂತ ಕೇಳಬೇಕೆ? ಫೋಟೋದ ಮುಂದೆ ಕೆತ್ತಿದ ಎಳನೀರು, ಲೋಟದ ತುಂಬ ಕಬ್ಬಿನ ಹಾಲು, ಪಾತ್ರೆಯಲ್ಲಿ ನೀರು ಮಜ್ಜಿಗೆ, ಗೋಲಿ ಸೋಡಾ, ದೊಡ್ಡ ಚೊಂಬಿನಲ್ಲಿ ತಣ್ಣೀರು. ಅವರ ರುಚಿ ಗೊತ್ತಿಲ್ಲದವರು ಯಾರೋ ಒಂದು ಲೋಟ ಕಾಫಿಯನ್ನೂ ಇಟ್ಟಿದ್ದರು. ನಾನು ಆ ಎಡೆಯ ಹತ್ತಿರ ಕೂರಲಾರದೆ ಕೋಣೆಯ ಮೂಲೆಗೆ ಹೋದೆ. ಅಲ್ಲಿ ರೇಷ್ಮೆಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದ್ದರು. ಅವುಗಳ ಹಿಂದೆ ಕೂತು ಕಣ್ಣು ಮುಚ್ಚಿದೆ. ಗುರುಗಳೇ, ನಿಮ್ಮ ಬಾಯಾರಿಕೆ ನನಗೆ ಬರಲಿ ಅಂತ ಉಸಿರು ಎಳೆದುಕೊಂಡೆ. ಅವತ್ತು ಸಿಟ್ಟಿಲ್ಲದೆ, ನೆವವಿಲ್ಲದೆ ಎಳೆದುಕೊಂಡೆ.

ಕಣ್ಣು ಬಿಟ್ಟರೆ ಕೋಣೆ ಕತ್ತಲು. ನಾನು ಒಳಗಿರುವುದು ಯಾರಿಗೂ ಕಾಣದೆ ಬಾಗಿಲು ಮುಚ್ಚಿ ಚಿಲಕ ಹಾಕಿದ್ದರು.

ಒಳಗೆ ನಾನು, ಮುದುಕರ ಫೋಟೋ, ಕುಡಿಯುವ ಪದಾರ್ಥಗಳು. ಬಾಗಿಲು ತಟ್ಟಿದರೆ ತಿಥಿ ಕೆಡುತ್ತದೆ. ಹತ್ತಿರ ಹೋದೆ. ಚೊಂಬು ತಂಪಾಗಿತ್ತು. ಎತ್ತಿ ಕೆನ್ನೆಗೆ ಒತ್ತಿಕೊಂಡೆ. ಒಂದು ಗುಟುಕು ಕುಡಿದರೆ ಯಾರಿಗೆ ಗೊತ್ತಾಗುತ್ತೆ ಅನ್ನಿಸಿತು. ಒಂದು ಗುಟುಕಿಗೆ ನಿಲ್ಲಿಸುವವಳಲ್ಲ ನಾನು ಅಂತಲೂ ಗೊತ್ತಿತ್ತು. ಡಾಕ್ಟರ ಮಾತು ಕಿವಿಯಲ್ಲೇ ಇತ್ತು. ಆದರೂ ಚೊಂಬು ತುಟಿಯವರೆಗೆ ಬಂತು.

ಆಗ ಬಾಗಿಲ ಆಚೆಯಿಂದ ಮುದುಕರ ಹೆಂಡತಿಯ ದನಿ ಕೇಳಿಸಿತು. ತಂಗಿಯ ಹತ್ತಿರ ಹೇಳಿಕೊಳ್ಳುತ್ತಿದ್ದರು. "ಹೋಗೋ ದಿನ ಬೆಳಗ್ಗೆ ಒಂದು ಲೋಟ ನೀರು ಕೊಡೇ ಅಂದ್ರು ಕಣವ್ವ. ಡಾಕ್ಟ್ರು ಬ್ಯಾಡ ಅಂದವ್ರೆ ಅಂತ ಬೀಗ ತೆಗೀನಿಲ್ಲ. ಕೊಟ್ಟಿದ್ರೂ ಹೋಗೋರೇ. ನೀರು ಕುಡುದಾದ್ರೂ ಹೋಗೋರು. ಈ ಕೈಯಲ್ಲಿ ಒಂದು ತೊಟ್ಟು ಕೊಡ್ನಿಲ್ವಲ್ಲ ನಾನು. ಈಗಾದ್ರೂ ಬಂದು ಕುಡುದ್ರೆ ಸಾಕು. ಮುಟ್ಟದೆ ಹೋದ್ರೆ ನಾನು ಇನ್ನೆಂಗೆ ಬದುಕ್ಲಿ?"

ಚೊಂಬು ಕೆಳಗಿಟ್ಟೆ. ಬಾಗಿಲು ತೆಗೆದಾಗ ಎಲ್ಲ ತುಂಬಿದ ಹಾಗೇ ಇದ್ದರೆ ಆ ಹೆಂಗಸಿನ ಗತಿ ಏನು? ನಾನು ಕುಡಿದರೆ ನನ್ನ ಗತಿ ಏನು? ಕೋಣೆಗೆ ಹಿತ್ತಿಲ ಕಡೆ ಒಂದು ಕಂಬಿ ಕಿಟಕಿ ಇತ್ತು. ಮೆಲ್ಲಗೆ ತೆಗೆದೆ.

ಒಂದೊಂದಾಗಿ ಸುರಿದೆ. ಬಾಯಿ ಒಣಗಿ ಸಾಯುತ್ತಿದ್ದವಳು ನನ್ನ ಕೈಯಾರೆ ತಣ್ಣೀರು ಚೆಲ್ಲಿದೆ, ಮಜ್ಜಿಗೆ ಚೆಲ್ಲಿದೆ, ಎಳನೀರು ಚೆಲ್ಲಿದೆ. ಕಣ್ಣಲ್ಲಿ ನೀರು ಬರುತ್ತಿತ್ತು. ಸೋಡಾ ಬಾಟಲಿಯ ಗೋಲಿಯನ್ನು ಸದ್ದಾಗದಂತೆ ಸೆರಗು ಸುತ್ತಿ ಒತ್ತಿದೆ. ಅದನ್ನು ಪೂರ್ತಿ ಸುರಿದೆ, ಅವರು ಸೋಡಾದಲ್ಲಿ ಒಂದು ಹನಿ ಬಿಡುವವರಲ್ಲ. ಕಾಫಿ ಮುಟ್ಟಲಿಲ್ಲ. ಕಿಟಕಿಯ ಕೆಳಗೆ ಕಟ್ಟಿದ್ದ ಎಮ್ಮೆ ಕಬ್ಬಿನ ಹಾಲು ಬಿದ್ದ ತನ್ನ ಮೂತಿಯನ್ನು ನೆಕ್ಕಿಕೊಂಡು ನನ್ನನ್ನೇ ನೋಡಿತು. ಕಿಟಕಿ ಮುಚ್ಚಿ ಚಂದ್ರಿಕೆಯ ಹಿಂದೆ ಹೋಗಿ ಕೂತೆ.

ಬಾಗಿಲು ತೆಗೆದರು. ಮುದುಕರ ಹೆಂಡತಿ ಖಾಲಿ ಚೊಂಬು ನೋಡಿ ಅಲ್ಲೇ ಕುಸಿದು ಕೂತರು. "ಕುಡ್ದವ್ರೆ! ಬಂದು ಕುಡ್ದವ್ರೆ ಕಣವ್ವ! ಕಾಪಿ ಮುಟ್ಟಿಲ್ಲ ನೋಡು, ಅವ್ರೇ, ಅವ್ರೇ!"

ಎಲ್ಲರೂ ಕೈಮುಗಿದರು. ಅಷ್ಟರಲ್ಲಿ ನನ್ನ ಪಾದಕ್ಕೆ ತಗುಲಿ ಒಂದು ಚಂದ್ರಿಕೆ ದಬಾರನೆ ಬಿತ್ತು. ಕಿರುಚಾಟ ಎದ್ದಿತು. ದೀಪ ಹಿಡಿದು ನೋಡಿದರೆ ನಾನು.

"ಅಯ್ಯಯ್ಯೋ, ಟೀಚರಮ್ಮ!" ಅಂದರು ಮುದುಕರ ಹೆಂಡತಿ. ಅವರ ಮುಖ ಬಿಳಿಚಿಕೊಂಡಿತು. "ಕುಡಿದ್ಬುಟ್ರಾ? ಅಷ್ಟೂ ನೀವೇ ಕುಡಿದ್ಬುಟ್ರಾ?"

"ಇಲ್ಲಮ್ಮ, ಒಂದು ಹನಿ ಮುಟ್ಟಿಲ್ಲ."

ಯಾರು ನಂಬುತ್ತಾರೆ? ಕಿಟಕಿಯ ವಿಷಯ ಬಾಯಿಬಿಡುವ ಹಾಗಿರಲಿಲ್ಲ. ನನ್ನನ್ನು ಎತ್ತಿ ಗೂಡ್ಸ್ ಆಟೋದಲ್ಲಿ ಹಾಕಿದರು. ಒಂದು ಕಡೆ ಮುದುಕರ ಹೆಂಡತಿ, ಇನ್ನೊಂದು ಕಡೆ ನಮ್ಮ ಯಜಮಾನರು. ಚನ್ನಪಟ್ಟಣ ದಾಟಿದ ಮೇಲೆ ಅವರು, "ನನ್ ಬುಟ್ಟೋಯ್ತೀಯೇನೆ?" ಅಂತ ನನ್ನ ಕೈ ಹಿಡಿದು ಅಳತೊಡಗಿದರು. ಅವರು ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಿಜ ಹೇಳಿಬಿಡೋಣ ಅಂತ ಬಾಯಿ ತೆಗೆದೆ. ಪಕ್ಕದಲ್ಲೇ ಆ ಹೆಂಗಸು ಕೂತಿದ್ದರು. ಬಾಯಿ ಮುಚ್ಚಿಕೊಂಡೆ.

ವಾರ್ಡಿನಲ್ಲಿ ಸಿಸ್ಟರ್ ನನ್ನನ್ನು ತೂಕದ ಮೆಷಿನ್ನಿನ ಮೇಲೆ ನಿಲ್ಲಿಸಿದರು. ನೋಡಿದರು. ಇಳಿಸಿ, ಮತ್ತೆ ಹತ್ತಿಸಿ ನೋಡಿದರು. "ನೀರು ಕುಡಿದಿದ್ದಾರೆ ಅಂತ ಯಾರು ಹೇಳಿದ್ದು? ಎರಡು ಡಯಾಲಿಸಿಸ್ ನಡುವೆ ಇವರ ತೂಕ ಇಷ್ಟು ಕಮ್ಮಿ ಏರಿದ್ದು ನಾನು ನೋಡೇ ಇಲ್ಲ. ನಾಲಗೆ ನೋಡಿ, ಪೂರ್ತಿ ಒಣಗಿದೆ."

ನಮ್ಮ ಯಜಮಾನರು ಗೋಡೆ ಹಿಡಿದು ನಿಂತರು. ಮುದುಕರ ಹೆಂಡತಿ ತೂಕದ ಮೆಷಿನ್ನನ್ನು, ನನ್ನನ್ನು, ಮತ್ತೆ ಮೆಷಿನ್ನನ್ನು ನೋಡಿದರು. ಬೆಂಚಿನ ಮೇಲೆ ನಿಧಾನವಾಗಿ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತರು. ಅದು ಹಗುರಾದ ಅಳು. ಅಳು ನಿಂತ ಮೇಲೆ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಹಂಗಾರೆ ಅವ್ರೇ ಕುಡ್ದವ್ರೆ. ನೀವೂ ಅದೇ ರೂಮ್ನಲ್ಲೇ ಕುಂತಿದ್ರಲ್ಲ ಟೀಚರಮ್ಮ. ನಿಮ್ಗೂ ಒಂದು ತೊಟ್ಟು ಬೇಕಾ ಅಂತ ಒಂದ್ ಮಾತು ಕೇಳುದ್ರಾ?"

"ಇಲ್ಲಮ್ಮ" ಅಂದೆ.

"ಕೇಳಕಿಲ್ಲ ಕಣಮ್ಮ ಆವಯ್ಯ" ಅಂದರು ಅವರು, ನಗು ತಡೆಯಲಾರದೆ. "ಸತ್ರೂ ಬುದ್ಧಿ ಬಂದಿಲ್ಲ!"